ಇಮೇಲಿನ ಮೂಲಪ್ರತಿ ಎಲ್ಲಿರಬೇಕು?

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪಟ್ಟಣಗಳ ವಕೀಲರ ಕಚೇರಿ, ತೆರಿಗೆ ಸಲಹೆಗಾರರ ಕೋಣೆ, ಪತ್ತಿನ ಸಹಕಾರಿ ಸಂಘ, ಕಾಲೇಜಿನ ಆಡಳಿತ ವಿಭಾಗ, ಅಡತಿ ಅಂಗಡಿ ಮುಂತಾದ ಕಡೆಗಳಲ್ಲಿ ಇಮೇಲ್ ವಿಳಾಸವೆಂಬುದು ಒಬ್ಬ ವ್ಯಕ್ತಿಯ ಸೊತ್ತಾಗಿರುವುದಕ್ಕಿಂತ ಹೆಚ್ಚಾಗಿ ಇಡೀ ಕಚೇರಿಯ ಸೊತ್ತಾಗಿರುತ್ತದೆ. ಮೇಜಿನ ಮೇಲಿನ ಕಂಪ್ಯೂಟರು, ಮಾಲೀಕರ ಮೊಬೈಲು, ಗುಮಾಸ್ತರ ಲ್ಯಾಪ್‌ಟಾಪು ಇವೆಲ್ಲವೂ ಒಂದೇ ವಿಳಾಸಕ್ಕೆ ಬರುವ ಪತ್ರಗಳನ್ನು ಓದುತ್ತವೆ. ಇವುಗಳಲ್ಲಿ ಕಂಪ್ಯೂಟರು ಮಾತ್ರ ಬಹುಮಟ್ಟಿಗೆ ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶದ ಮೂಲಕ ಕೆಲಸ ಮಾಡುತ್ತದೆ, ಅಂದರೆ ಬ್ರೌಸರಿನಲ್ಲಿ ತೆರೆದು ನೋಡುವುದರ ಬದಲು ಪತ್ರಗಳನ್ನು ದೂರದ ಸರ್ವರಿನಿಂದ ತನ್ನ ಹಾರ್ಡ್ ಡಿಸ್ಕಿಗೆ ತಂದು ಇಟ್ಟುಕೊಳ್ಳುತ್ತದೆ. ಹಾಗೆ ತಂದ ಮೇಲೆ ಸರ್ವರಿನಲ್ಲಿದ್ದ ಪತ್ರದ ಗತಿ ಏನು ಎಂಬ ಪ್ರಶ್ನೆಗೆ ತಂತ್ರಾಂಶದ ಸೆಟ್ಟಿಂಗ್ ಪುಟದ ಒಂದು ಸಣ್ಣ ಚೌಕದಲ್ಲಿ ಉತ್ತರವಿರುತ್ತದೆ, ಮತ್ತು ಆ ಚೌಕವನ್ನು ಕಂಪ್ಯೂಟರು ಕೂಡಿಸಿಕೊಟ್ಟವರು ಎಂದೋ ಒಮ್ಮೆ ಗುರುತು ಹಾಕಿ ಅಥವಾ ಹಾಕದೆ ಬಿಟ್ಟು ಹೋಗಿರುತ್ತಾರೆ.

ಈ ವ್ಯವಸ್ಥೆಯ ಬೇರು ಇರುವುದು 1984ರಲ್ಲಿ. ಇಂಟರ್ನೆಟ್ಟಿನ ಕಟ್ಟಳೆಗಳನ್ನು ಕ್ರಮಸಂಖ್ಯೆ ಕೊಟ್ಟು ಪ್ರಕಟಿಸುವ ಆರ್‌ಎಫ್‌ಸಿ ಎಂಬ ದಾಖಲೆ ಮಾಲೆಯ 918ನೆಯದು ಆ ವರ್ಷದ ಅಕ್ಟೋಬರಿನಲ್ಲಿ ಹೊರಬಂದಿತು. ಜಾಯ್ಸ್ ರೆನಾಲ್ಡ್ಸ್ ಬರೆದ ಆ ದಾಖಲೆ ಪೋಸ್ಟ್ ಆಫೀಸ್ ಪ್ರೋಟೋಕಾಲ್, ಅಂದರೆ ಸಂಕ್ಷೇಪದಲ್ಲಿ ಪಾಪ್, ಎಂಬ ನಿಯಮಾವಳಿಯನ್ನು ಮೊದಲು ನಿರೂಪಿಸಿತು. ಈಗ ಬಳಕೆಯಲ್ಲಿರುವ ಮೂರನೆಯ ಆವೃತ್ತಿ 1988ರಲ್ಲಿ ಹುಟ್ಟಿ, 1996ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1939ರ ರೂಪದಲ್ಲಿ ನೆಲೆಗೊಂಡಿತು. ಪಾಪ್ ವ್ಯವಸ್ಥೆಯಲ್ಲಿ ಸರ್ವರು ಹಳ್ಳಿಯ ಅಂಚೆ ಕಚೇರಿಯ ಹಾಗೆ ವರ್ತಿಸುತ್ತದೆ: ಬಂದ ಪತ್ರವನ್ನು ವಿಳಾಸದಾರರು ಬರುವವರೆಗೆ ಕಾದಿಟ್ಟುಕೊಳ್ಳುತ್ತದೆ, ಅವರು ಬಂದು ಒಯ್ದ ಮೇಲೆ ಆ ಪತ್ರದ ಹೊಣೆ ತನ್ನದಲ್ಲ ಎನ್ನುತ್ತದೆ. ಡಿಸ್ಕಿನ ಜಾಗ ದುಬಾರಿಯಾಗಿದ್ದ ಕಾಲಕ್ಕೆ ಇದು ಸರಿಯಾದ ಹಂಚಿಕೆಯೇ ಆಗಿತ್ತು.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಆರಂಭಿಸಿದಾಗಿನ ಪರಿಸ್ಥಿತಿಗೂ ಪಾಪ್ ವ್ಯವಸ್ಥೆ ಚೆನ್ನಾಗಿ ಹೊಂದುತ್ತಿತ್ತು. ದೂರವಾಣಿ ತಂತಿಯ ಮೇಲೆ ಡಯಲ್ ಮಾಡಿ ಸಂಪರ್ಕ ಪಡೆಯಬೇಕಿದ್ದ ಆ ದಿನಗಳಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇತ್ತು; ಆದ್ದರಿಂದ ತಂತ್ರಾಂಶವು ಬೇಗ ಬೇಗ ಪತ್ರಗಳನ್ನು ಇಳಿಸಿಕೊಂಡು ಸಂಪರ್ಕ ಕಡಿದುಕೊಳ್ಳುವುದು, ಓದುವವರು ಆಮೇಲೆ ಸಾವಕಾಶವಾಗಿ ಓದಿ ಉತ್ತರ ಬರೆಯುವುದು ಎಲ್ಲರಿಗೂ ಅನುಕೂಲವಾಗಿತ್ತು. ಸಂಪರ್ಕ ನಡುವೆ ಕಡಿದರೆ ಪತ್ರ ಕಳೆದುಹೋಗದಂತೆ ಪಾಪ್ ನಿಯಮ ಒಂದು ಒಳ್ಳೆಯ ಎಚ್ಚರಿಕೆಯನ್ನೂ ಇಟ್ಟುಕೊಂಡಿದೆ: ಅಳಿಸು ಎಂದು ತಂತ್ರಾಂಶ ಹೇಳಿದ ಕೂಡಲೇ ಸರ್ವರು ಅಳಿಸುವುದಿಲ್ಲ, ಅಳಿಸಬೇಕಾದವುಗಳಿಗೆ ಗುರುತು ಹಾಕಿ ಇಟ್ಟುಕೊಂಡು, ಕೆಲಸ ಮುಗಿಯಿತು ಎಂಬ ಕೊನೆಯ ಮಾತು ಬಂದ ಮೇಲಷ್ಟೇ ನಿಜವಾಗಿ ತೆಗೆದುಹಾಕುತ್ತದೆ. ಆ ಮಾತು ಬರುವ ಮೊದಲೇ ತಂತಿ ಕಡಿದರೆ ಒಂದು ಪತ್ರವೂ ಅಳಿಯಕೂಡದು. ಸಂಪರ್ಕ ಸರಿಯಿಲ್ಲದ ಊರುಗಳಲ್ಲಿ ಅವೇ ಪತ್ರಗಳು ಎರಡೆರಡು ಸಲ ಬಂದು ಕೂಡುತ್ತಿದ್ದುದಕ್ಕೆ ಈ ಎಚ್ಚರಿಕೆಯೇ ಒಂದು ಕಾರಣ. ಎರಡು ಸಲ ಬರುವುದು ಒಂದು ಸಲವೂ ಬಾರದಿರುವುದಕ್ಕಿಂತ ಮೇಲು.

ಕಷ್ಟ ಆರಂಭವಾದದ್ದು ಒಂದೇ ವಿಳಾಸವನ್ನು ಎರಡು ಯಂತ್ರಗಳಿಂದ ನೋಡುವ ರೂಢಿ ಬಂದಾಗ. ಮೊದಲು ತೆರೆದ ಯಂತ್ರ ಪತ್ರಗಳನ್ನೆಲ್ಲ ಒಯ್ದುಬಿಟ್ಟರೆ ಎರಡನೆಯದಕ್ಕೆ ಖಾಲಿ ಪೆಟ್ಟಿಗೆ ಉಳಿಯುತ್ತದೆ. ಇದಕ್ಕೆ ಮೇಲ್ ತಂತ್ರಾಂಶಗಳು ಕಂಡುಕೊಂಡ ಪರಿಹಾರವೇ ಸರ್ವರಿನಲ್ಲಿ ಪ್ರತಿ ಉಳಿಸು ಎಂಬ ಆಯ್ಕೆ: ಪತ್ರವನ್ನು ಇಳಿಸಿಕೊಂಡರೂ ಅಳಿಸು ಎಂಬ ಆದೇಶವನ್ನು ತಂತ್ರಾಂಶ ಕಳಿಸುವುದಿಲ್ಲ. ಹಾಗಾದರೆ ನಿನ್ನೆ ಇಳಿಸಿಕೊಂಡದ್ದನ್ನೇ ಇಂದು ಮತ್ತೆ ಇಳಿಸಿಕೊಳ್ಳದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಅದಕ್ಕಾಗಿ ಸರ್ವರು ಪ್ರತಿ ಪತ್ರಕ್ಕೂ ಬದಲಾಗದ ಒಂದು ಗುರುತುಸಂಖ್ಯೆ ಕೊಡುತ್ತದೆ, ತಂತ್ರಾಂಶ ತಾನು ಈಗಾಗಲೇ ಪಡೆದ ಸಂಖ್ಯೆಗಳ ಪಟ್ಟಿಯನ್ನು ತನ್ನ ಬಳಿ ಬರೆದಿಟ್ಟುಕೊಂಡು ಹೋಲಿಸಿ ನೋಡುತ್ತದೆ. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿದ ಮರುದಿನ ಹಲವು ವರ್ಷಗಳ ಪತ್ರಗಳು ಹೊಸದಾಗಿ ಬಂದಂತೆ ಸಾಲುಗಟ್ಟಿ ಇಳಿಯತೊಡಗುವುದು ಈ ಪಟ್ಟಿ ಅಳಿದುಹೋಗಿರುವುದರಿಂದಲೇ ಹೊರತು ಸರ್ವರಿನ ದೋಷದಿಂದಲ್ಲ.

ಪಾಪ್ ನಿಯಮವನ್ನು ಬರೆದವರು ಈ ರೂಢಿಯನ್ನು ಮೆಚ್ಚಿರಲಿಲ್ಲ. ಆರ್‌ಎಫ್‌ಸಿ 1939ರಲ್ಲಿಯೇ, ಬಳಕೆದಾರರು ಪತ್ರಗಳನ್ನು ಸರ್ವರಿನಲ್ಲಿ ರಾಶಿ ಹಾಕುವುದು ಸರ್ವರ್ ನಡೆಸುವವರ ದೃಷ್ಟಿಯಿಂದ ಬೇಡವಾದ ವರ್ತನೆ ಎಂಬ ಅಭಿಪ್ರಾಯವಿದೆ. ಇಂತಿಷ್ಟು ದಿನಗಳಾದ ಮೇಲೆ ಹಳೆಯ ಪತ್ರಗಳನ್ನು ತಾವೇ ತೆಗೆದುಹಾಕುವ ಅಧಿಕಾರವನ್ನೂ ಆ ದಾಖಲೆ ಅವರಿಗೆ ಕೊಟ್ಟಿದೆ. 2004ರ ಏಪ್ರಿಲ್ 1ರಂದು ಜಿಮೇಲ್ 1 ಗಿಗಾಬೈಟ್ ಜಾಗದೊಂದಿಗೆ ಬಂದಾಗ ಹಾಟ್‌ಮೇಲ್ ಕೊಡುತ್ತಿದ್ದುದು 2 ಮೆಗಾಬೈಟ್ ಮತ್ತು ಯಾಹೂ ಕೊಡುತ್ತಿದ್ದುದು 4 ಮೆಗಾಬೈಟ್ ಎಂಬುದನ್ನು ನೆನೆದರೆ, ಅದಕ್ಕೂ ಹಿಂದಿನ ಆ ಬಿಗಿಯ ಕಾರಣ ತಿಳಿಯುತ್ತದೆ. ಜಾಗದ ಕೊರತೆ ಬಹುಮಟ್ಟಿಗೆ ನೀಗಿದರೂ ಆ ಕಾಲದ ಜಿಪುಣತನ ತಂತ್ರಾಂಶದ ಮೂಲ ಸೆಟ್ಟಿಂಗಿನಲ್ಲಿ ಇಂದಿಗೂ ಉಳಿದುಕೊಂಡಿದೆ. ಔಟ್‌ಲುಕ್ ಮತ್ತು ಥಂಡರ್‌ಬರ್ಡ್‌ಗಳಲ್ಲಿ ಪ್ರತಿ ಉಳಿಸು ಎಂಬ ಗುರುತಿನ ಕೆಳಗೇ 14 ದಿನಗಳ ನಂತರ ತೆಗೆದುಹಾಕು ಎಂಬ ಇನ್ನೊಂದು ಗುರುತು ಕಾಣುತ್ತದೆ. ಮೇಲಿನದನ್ನು ಓದಿ ನೆಮ್ಮದಿ ಪಟ್ಟು ಕೆಳಗಿನದನ್ನು ಓದದೆ ಬಿಟ್ಟವರ ಪತ್ರಗಳು ಎರಡು ವಾರ ಮಾತ್ರ ಎರಡೂ ಕಡೆ ಇದ್ದು, ಆಮೇಲೆ ಒಂದೇ ಹಾರ್ಡ್ ಡಿಸ್ಕಿನ ಪಾಲಾಗುತ್ತವೆ.

ಜಿಮೇಲಿನ ವಿಷಯದಲ್ಲಿ ಮತ್ತೊಂದು ತೊಡಕಿದೆ. ಪಾಪ್ ಮೂಲಕ ಓದಿದ ಪತ್ರವನ್ನು ಏನು ಮಾಡಬೇಕು ಎಂಬುದನ್ನು ಜಿಮೇಲ್ ತನ್ನ ಜಾಲಪುಟದ ಸೆಟ್ಟಿಂಗಿನಲ್ಲಿ ಕೇಳಿಕೊಂಡು ಅದರಂತೆಯೇ ನಡೆಯುತ್ತದೆ. ಮೇಜಿನ ಮೇಲಿನ ತಂತ್ರಾಂಶದಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದರೂ ಅಲ್ಲಿ ಅದರ ಮಾತು ನಡೆಯದು.

ಇಷ್ಟೆಲ್ಲ ಸರಿಪಡಿಸಿಕೊಂಡರೂ ಪಾಪ್ ವ್ಯವಸ್ಥೆಯಲ್ಲಿ ಪ್ರತಿ ಉಳಿಸುವುದು ಅರ್ಧ ಪರಿಹಾರವೇ, ಏಕೆಂದರೆ ಉಳಿಯುವುದು ಬಂದ ಪತ್ರ ಮಾತ್ರ. ಪತ್ರ ಕಳಿಸುವ ಕೆಲಸಕ್ಕೆ ಬೇರೆಯೇ ನಿಯಮವಿದೆ. ಎಸ್‌ಎಂಟಿಪಿ ಎಂಬ ಆ ನಿಯಮವನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದರು. ಅದರ ಮೂಲಕ ಹೊರಟ ಪತ್ರದ ನಕಲನ್ನು ಮೇಲ್ ತಂತ್ರಾಂಶ ತನ್ನ ಕಂಪ್ಯೂಟರಿನ ಸೆಂಟ್ ಕಡತದಲ್ಲಿ ಇಟ್ಟುಕೊಳ್ಳುತ್ತದೆ, ಪಾಪ್ ಖಾತೆಯಲ್ಲಿ ಆ ನಕಲು ಅಲ್ಲಿಂದ ಕದಲುವುದಿಲ್ಲ. ಸಿಂದಗಿಯ ವಕೀಲರೊಬ್ಬರು ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಪ್ರಕರಣ ನಡೆಸುವ ಸಹೋದ್ಯೋಗಿಗೆ ಮೇಲ್ಮನವಿಯ ಕರಡನ್ನು ಕಳಿಸಿದರೆಂದು ಭಾವಿಸಿದರೆ, ಕಲಬುರಗಿಯಿಂದ ಬಂದ ತಿದ್ದುಪಡಿ ಸರ್ವರಿನಲ್ಲಿ ಸಿಗುತ್ತದೆ, ಇಲ್ಲಿಂದ ಹೋದ ಕರಡು ಸಾಮಾನ್ಯವಾಗಿ ಸಿಗುವುದಿಲ್ಲ. ವ್ಯವಹಾರದ ಒಂದು ಮಗ್ಗುಲು ಮಾತ್ರ ಉಳಿದು ಇನ್ನೊಂದು ಆ ಯಂತ್ರದ ಆಯುಸ್ಸಿಗೆ ಕಟ್ಟುಬೀಳುತ್ತದೆ. ವಿದ್ಯುತ್ತು ಹೋಗಿ ಬರುವ, ವೋಲ್ಟೇಜು ಏರಿಳಿಯುವ ಕಡೆಗಳಲ್ಲಿ ಹಾರ್ಡ್ ಡಿಸ್ಕಿನ ಆಯುಸ್ಸನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ. ಹಾಗೆಯೇ ಯಾವ ಪತ್ರವನ್ನು ಓದಲಾಗಿದೆ, ಯಾವುದಕ್ಕೆ ಉತ್ತರ ಹೋಗಿದೆ, ಯಾವುದನ್ನು ಯಾವ ಕಡತಕ್ಕೆ ಸೇರಿಸಲಾಗಿದೆ ಎಂಬ ಮಾಹಿತಿಯನ್ನೂ ಪಾಪ್ ಸರ್ವರಿಗೆ ತಿಳಿಸುವುದಿಲ್ಲ.

ಈ ಕೊರತೆಗೆ ಉತ್ತರ ಬಹಳ ಹಿಂದೆಯೇ ಸಿದ್ಧವಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಐಮ್ಯಾಪ್ ಎಂಬ ನಿಯಮಾವಳಿ ಪಾಪ್‌ನ ತರ್ಕವನ್ನು ತಲೆಕೆಳಗು ಮಾಡುತ್ತದೆ: ಇಲ್ಲಿ ಮೂಲಪ್ರತಿ ಸದಾ ಸರ್ವರಿನಲ್ಲಿರುತ್ತದೆ, ಕಂಪ್ಯೂಟರಿನಲ್ಲಿರುವುದು ಅದರ ನೆರಳು. ಓದಿದೆ, ಉತ್ತರಿಸಿದೆ, ಮುಖ್ಯ, ಅಳಿಸತಕ್ಕದ್ದು ಎಂಬ ಗುರುತುಗಳೂ ಕಡತಗಳ ವಿಂಗಡಣೆಯೂ ಸರ್ವರಿನಲ್ಲಿಯೇ ದಾಖಲಾಗುವುದರಿಂದ ಎಷ್ಟು ಯಂತ್ರಗಳಿಂದ ನೋಡಿದರೂ ಒಂದೇ ಚಿತ್ರ ಕಾಣುತ್ತದೆ, ಮತ್ತು ಕಳಿಸಿದ ಪತ್ರದ ನಕಲನ್ನು ತಂತ್ರಾಂಶ ಸರ್ವರಿನ ಸೆಂಟ್ ಕಡತಕ್ಕೇ ಸೇರಿಸುತ್ತದೆ. ಪತ್ರದ ತಲೆಬರಹವನ್ನು ಮಾತ್ರ ಮೊದಲು ತರಿಸಿಕೊಂಡು, ಬೇಕೆನಿಸಿದರೆ ಮಾತ್ರ ಅದರ ಲಗತ್ತನ್ನು ಇಳಿಸಿಕೊಳ್ಳುವ ಅವಕಾಶವೂ ಇದೆ. ಮೊಬೈಲ್ ಸಿಗ್ನಲ್ ದುರ್ಬಲವಾಗಿರುವ ಊರಿನಲ್ಲಿ ಕುಳಿತವರಿಗೆ ಇದರ ಬೆಲೆ ಗೊತ್ತಾಗುತ್ತದೆ, ಏಕೆಂದರೆ ಇಮೇಲಿನಲ್ಲಿ ಹೋಗುವ ಲಗತ್ತುಗಳು ಅಕ್ಷರರೂಪಕ್ಕೆ ಪರಿವರ್ತನೆಗೊಂಡು ಸುಮಾರು ಮೂರನೇ ಒಂದರಷ್ಟು ಉಬ್ಬುತ್ತವೆ, 15 ಮೆಗಾಬೈಟಿನ ಸ್ಕ್ಯಾನ್ ಪ್ರತಿ ಸುಮಾರು 20 ಮೆಗಾಬೈಟ್ ಆಗಿ ಪ್ರಯಾಣ ಮಾಡುತ್ತದೆ. ಐಮ್ಯಾಪ್‌ನ ನಾಲ್ಕನೆಯ ಆವೃತ್ತಿ 1994ರಲ್ಲಿ ಬಂದಿತು. ಜಿಮೇಲ್ ಅದನ್ನು ಅಳವಡಿಸಿಕೊಂಡದ್ದು 2007ರಲ್ಲಿ. ಅಷ್ಟರೊಳಗೆ ಪಾಪ್ ಖಾತೆ ತೆರೆದವರು ಯಂತ್ರ ಬದಲಿಸಿದರೂ ಹಳೆಯ ಸೆಟ್ಟಿಂಗನ್ನೇ ಹೊಸದಕ್ಕೆ ನಕಲಿಸಿಕೊಂಡು ಬಂದರು.

ಇಂಡಿಯ ಲಿಂಬೆ ವ್ಯಾಪಾರವನ್ನು ಇಲ್ಲಿ ಉದಾಹರಣೆಯಾಗಿ ನೋಡಬಹುದು. ಕರ್ನಾಟಕ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ನೆಲೆ ಇಂಡಿಯಲ್ಲಿದೆ, ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, 2025ರಲ್ಲಿ ಆ ಹೆಸರಿನ ಹಣ್ಣು ಸಂಯುಕ್ತ ಅರಬ್ ಸಂಸ್ಥಾನಕ್ಕೆ ರಫ್ತಾಗಿದೆ. ಸಂತೆಯಲ್ಲಿ ಬಾಯಿಮಾತಿನಲ್ಲಿ ಮುಗಿಯುತ್ತಿದ್ದ ವ್ಯವಹಾರ ರಫ್ತಿನ ಹಂತಕ್ಕೆ ಬಂದೊಡನೆ ಬಿಲ್ಲು, ಪ್ಯಾಕಿಂಗ್ ಪಟ್ಟಿ, ಸಸ್ಯ ಆರೋಗ್ಯ ಪ್ರಮಾಣಪತ್ರ, ಸಾಗಣೆ ಪತ್ರಗಳ ಸರಮಾಲೆಯಾಗುತ್ತದೆ, ಇವುಗಳಲ್ಲಿ ಹೆಚ್ಚಿನವು ಇಮೇಲಿನ ಲಗತ್ತುಗಳಾಗಿಯೇ ಓಡಾಡುತ್ತವೆ. ಹಣ್ಣು ಕೊಳೆಯುವ ಸರಕಾದ್ದರಿಂದ ಉತ್ತರ ತಡವಾಗಬಾರದು; ತೋಟದಲ್ಲಿರುವವರು, ಪ್ಯಾಕಿಂಗ್ ಶೆಡ್ಡಿನಲ್ಲಿರುವವರು, ಕಚೇರಿಯಲ್ಲಿರುವವರು ಒಂದೇ ಪೆಟ್ಟಿಗೆಯನ್ನು ನೋಡುತ್ತಿರಬೇಕು, ಮತ್ತು ಒಬ್ಬರು ಉತ್ತರಿಸಿದ ಪತ್ರಕ್ಕೆ ಇನ್ನೊಬ್ಬರು ಬೇರೆ ದರ ಹೇಳಿ ಉತ್ತರಿಸಬಾರದು. ಇಂಥ ಕೆಲಸಕ್ಕೆ ಪಾಪ್ ಖಾತೆ ಒಗ್ಗುವುದಿಲ್ಲ.

ಸರ್ಕಾರಿ ಕಚೇರಿಗಳ ವಿಷಯ ಇದಕ್ಕಿಂತ ಗಂಭೀರವಾದುದು. ಭಾರತ ಸರ್ಕಾರ 2015ರಲ್ಲಿ ಪ್ರಕಟಿಸಿದ ಇಮೇಲ್ ನೀತಿ ಅಧಿಕಾರಿಗಳಿಗೆ ಹೆಸರಿನ ವಿಳಾಸದ ಜೊತೆಗೆ ಹುದ್ದೆಯ ವಿಳಾಸವನ್ನೂ ಕೊಡುವ ಪದ್ಧತಿಯನ್ನು ಹೇಳಿತ್ತು. ಅಧಿಕಾರಿ ವರ್ಗವಾಗಿ ಹೋದರೂ ಹುದ್ದೆಯ ಪತ್ರಗಳು ಹುದ್ದೆಯಲ್ಲೇ ಉಳಿಯಬೇಕೆಂಬುದು ಅದರ ಆಶಯವಾಗಿತ್ತು. ಸರ್ಕಾರಿ ಖಾತೆಯ ಪತ್ರಗಳನ್ನು ಪಾಪ್ ಅಥವಾ ಐಮ್ಯಾಪ್ ಮೂಲಕ ಖಾಸಗಿ ಇಮೇಲ್ ಸೇವೆಯೊಳಕ್ಕೆ ಎಳೆದುಕೊಳ್ಳಬಾರದೆಂದೂ ಆ ನೀತಿ ವಿಧಿಸಿತ್ತು. ಆದರೆ ಹುದ್ದೆಯ ವಿಳಾಸವೊಂದಕ್ಕೆ ಮೇಜಿನ ಕಂಪ್ಯೂಟರಿನಲ್ಲಿ ಪಾಪ್ ಹೊಂದಿಸಿ ಸರ್ವರಿನಿಂದ ಅಳಿಸುವ ಸೆಟ್ಟಿಂಗ್ ಹಾಗೇ ಬಿಟ್ಟಿದ್ದರೆ, ನಂತರ ಬಂದವರಿಗೆ ಪಾಸ್‌ವರ್ಡ್ ಸಿಗುತ್ತದೆಯೇ ಹೊರತು ಪತ್ರವ್ಯವಹಾರ ಸಿಗುವುದಿಲ್ಲ. 2018ರ ಸುಮಾರಿಗೆ ಈ ನಾಲ್ಕು ಹಳೆಯ ತಾಲ್ಲೂಕುಗಳು ಒಡೆದು ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದಾಗ ಹೊಸ ಕಚೇರಿಗಳು ಹುಟ್ಟಿದವು. ಹಾಗೆ ಕಚೇರಿಗಳು ಒಡೆಯುವಾಗ ಕಾಗದದ ಕಡತಗಳನ್ನು ಎಣಿಸಿ, ಪಟ್ಟಿ ಮಾಡಿ, ಸಹಿ ಹಾಕಿಸಿ ಹಸ್ತಾಂತರಿಸುವ ಪದ್ಧತಿ ಇದೆ. ಯಾವುದೋ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಕುಳಿತ ಪತ್ರಗಳನ್ನು ಎಣಿಸುವ ಪದ್ಧತಿ ಇನ್ನೂ ಬೆಳೆದಿಲ್ಲ.

ಕಾನೂನು ಈ ಪತ್ರಗಳನ್ನು ದಾಖಲೆಗಳೆಂದೇ ಪರಿಗಣಿಸುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಮಿನ ಪ್ರಕಾರ, ಕಾನೂನಿನಂತೆ ಕಾದಿಡಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ಇಡಬಹುದು; ಆದರೆ ಅದು ಮುಂದೆಯೂ ತೆರೆದು ನೋಡುವಂತಿರಬೇಕು, ಹುಟ್ಟಿದ ರೂಪದಲ್ಲಿಯೇ ಅಥವಾ ಅದನ್ನು ನಿಖರವಾಗಿ ತೋರಿಸುವ ರೂಪದಲ್ಲಿ ಇರಬೇಕು, ಮತ್ತು ಎಲ್ಲಿಂದ, ಎಲ್ಲಿಗೆ, ಯಾವ ದಿನ, ಯಾವ ಹೊತ್ತಿಗೆ ಹೋಯಿತೆಂಬ ವಿವರ ಅದರೊಡನೆ ಉಳಿದಿರಬೇಕು. ಪತ್ರದ ಮುದ್ರಿತ ಪ್ರತಿಯಲ್ಲಿ ಈ ವಿವರದ ಬಹುಪಾಲು ಇರುವುದಿಲ್ಲ, ಅದು ಇಮೇಲಿನ ಕಾಣದ ತಲೆಬರಹದಲ್ಲಿ ಇರುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮು ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಪಾಡಬೇಕೆನ್ನುತ್ತದೆ. ಇಮೇಲಿನಲ್ಲಿಯೇ ಬಂದು ಇಮೇಲಿನಲ್ಲಿಯೇ ಉಳಿದ ಬಿಲ್ಲುಗಳಿಗೆ ಮೇಲೆ ಹೇಳಿದ 14 ದಿನಗಳ ಗುರುತು ಯಾವ ಮೂಲೆಗೂ ಸಾಲದು.

ಹಾಗೆಂದು ಎಲ್ಲವನ್ನೂ ಸರ್ವರಿಗೆ ಒಪ್ಪಿಸಿ ನಿಶ್ಚಿಂತರಾಗುವುದೂ ಸಲ್ಲ. ಐಮ್ಯಾಪ್‌ನಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಯಂತ್ರಗಳ ನಡುವಿನ ಹೊಂದಾಣಿಕೆಯನ್ನೇ ಕಾಪು ಪ್ರತಿ, ಅಂದರೆ ಬ್ಯಾಕಪ್, ಎಂದು ಭಾವಿಸಿದವರಿಗೆ ಇದು ತಡವಾಗಿ ತಿಳಿಯುತ್ತದೆ. ಜಿಮೇಲಿನ ಉಚಿತ ಜಾಗ 15 ಗಿಗಾಬೈಟ್, ಅದರಲ್ಲಿ ಡ್ರೈವ್ ಮತ್ತು ಫೋಟೋಗಳಿಗೂ ಪಾಲಿದೆ. ಮಾಲೀಕರ ಮೊಬೈಲಿನ ಮದುವೆ ವಿಡಿಯೋಗಳಿಂದ ಆ ಜಾಗ ತುಂಬಿದರೆ ಅಂಗಡಿಗೆ ಬರುವ ಪತ್ರಗಳು ಕಳಿಸಿದವರಿಗೇ ಹಿಂತಿರುಗುತ್ತವೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಆದ್ದರಿಂದ ಮೂಲಪ್ರತಿ ಸರ್ವರಿನಲ್ಲಿರಲಿ ಎಂಬ ಮಾತಿಗೆ, ಅದಕ್ಕೆ ಅಂಟಿಕೊಳ್ಳದ ಇನ್ನೊಂದು ಪ್ರತಿ ಕೈಯಳತೆಯಲ್ಲಿರಲಿ ಎಂಬ ಮಾತನ್ನೂ ಸೇರಿಸಬೇಕಾಗುತ್ತದೆ. ಮೇಜಿನ ಮೇಲಿನ ಮೇಲ್ ತಂತ್ರಾಂಶಕ್ಕೆ ಇಂದಿಗೂ ಅರ್ಥವಿರುವುದು ಈ ಎರಡನೆಯ ಕೆಲಸದಲ್ಲಿ. ಮೊಬೈಲಿನ ಆಪ್ ಅದನ್ನು ಮಾಡಿಕೊಡುವುದಿಲ್ಲ.

ಪಾಪ್‌ನಿಂದ ಐಮ್ಯಾಪ್‌ಗೆ ಬದಲಾಯಿಸುವ ವಿಧಾನದಲ್ಲಿ ಒಂದೇ ಒಂದು ಅಪಾಯವಿದೆ, ಅದು ಆತುರದ್ದು. ಹಳೆಯ ಪಾಪ್ ಖಾತೆಯನ್ನು ಮೊದಲು ತೆಗೆದುಹಾಕಿದರೆ ಅದರೊಳಗಿನ ಪತ್ರಗಳೂ ಹೋಗಬಹುದು. ಆದ್ದರಿಂದ ಅದನ್ನು ಹಾಗೆಯೇ ಉಳಿಸಿಕೊಂಡು, ತಾನಾಗಿ ಪತ್ರ ತರುವುದನ್ನಷ್ಟೇ ನಿಲ್ಲಿಸಿ, ಅದೇ ವಿಳಾಸಕ್ಕೆ ಐಮ್ಯಾಪ್ ಖಾತೆಯೊಂದನ್ನು ಪಕ್ಕದಲ್ಲಿ ತೆರೆಯಬೇಕು. ಆಮೇಲೆ ಹಳೆಯ ಖಾತೆಯ ಪತ್ರಗಳನ್ನು, ಮುಖ್ಯವಾಗಿ ಕಳಿಸಿದ ಪತ್ರಗಳನ್ನು, ಸ್ವಲ್ಪ ಸ್ವಲ್ಪವಾಗಿ ಹೊಸ ಖಾತೆಯ ಕಡತಗಳಿಗೆ ನಕಲಿಸಬೇಕು. ಹಾಗೆ ಹಾಕಿದ್ದು ಸರ್ವರಿಗೆ ಏರುತ್ತದೆ, ಬೇರೆ ಯಂತ್ರದಿಂದ ತೆರೆದು ಅದು ಏರಿದೆಯೇ ಎಂದು ನೋಡಿಕೊಂಡ ಮೇಲೆ ಹಳೆಯ ಖಾತೆಯನ್ನು ಮುಚ್ಚಬಹುದು.

ಕಾಪು ಪ್ರತಿಗೆ ಮಾರ್ಚ್ ಕೊನೆ ಒಳ್ಳೆಯ ಸಮಯ, ಲೆಕ್ಕದ ವರ್ಷವೂ ಅಲ್ಲಿಗೇ ಮುಗಿಯುತ್ತದೆ. ಥಂಡರ್‌ಬರ್ಡ್‌ನಲ್ಲಿ ಲೋಕಲ್ ಫೋಲ್ಡರ್ ಎಂಬ, ಯಾವ ಸರ್ವರಿಗೂ ಸೇರದ ಜಾಗವಿದೆ. ಆ ವರ್ಷದ ಪತ್ರಗಳನ್ನು ಅಲ್ಲಿಗೆ ಸರಿಸದೆ ನಕಲಿಸಿ, ಆ ಕಡತವನ್ನು ಬೇರೊಂದು ಡಿಸ್ಕಿಗೆ ಹಾಕಿದರೆ ಕೆಲಸ ಮುಗಿಯಿತು. ಥಂಡರ್‌ಬರ್ಡ್ ಬಳಸುವ ಎಂಬಾಕ್ಸ್ ಎಂಬ ಕಡತರೂಪ ಪತ್ರಗಳನ್ನು ಒಂದರ ಕೆಳಗೊಂದು ಸಾದಾ ಪಠ್ಯವಾಗಿ ಬರೆದಿಡುವುದರಿಂದ, ಆ ತಂತ್ರಾಂಶವೇ ಇಲ್ಲದ ಕಾಲಕ್ಕೂ ಅದನ್ನು ಓದಲು ದಾರಿ ಇರುತ್ತದೆ. ಹಳೆಯ ಔಟ್‌ಲುಕ್‌ನ ಪಿಎಸ್‌ಟಿ ಕಡತಗಳು 2 ಗಿಗಾಬೈಟ್ ತಲುಪುತ್ತಲೇ ಕೆಡುತ್ತಿದ್ದುದನ್ನು ಕಂಡವರಿಗೆ ಇದರ ಅನುಕೂಲ ತಿಳಿದಿದೆ. ಕನ್ನಡದಲ್ಲಿ ಪತ್ರವ್ಯವಹಾರ ಮಾಡಿದ ಕಚೇರಿಗಳಿಗೆ ಮಾತ್ರ ಇನ್ನೊಂದು ಕೆಲಸ ಉಳಿಯುತ್ತದೆ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿ ಲಗತ್ತಿಸಿದ ಪತ್ರಗಳು ಸರ್ವರಿನಲ್ಲಿ ಅಕ್ಷರವೊಂದೂ ಕೆಡದೆ ಉಳಿದಿದ್ದರೂ, ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಈಗ ಸುಲಭವಾಗಿ ಸಿಗುತ್ತವೆ, ಆದ್ದರಿಂದ ಮೂಲ ಕಡತವನ್ನು ಮುಟ್ಟದೆ ಅದರ ಪಕ್ಕದಲ್ಲಿ ಪರಿವರ್ತಿತ ಪ್ರತಿಯೊಂದನ್ನು ಇಡುವ ಕೆಲಸವನ್ನೂ ಇದೇ ಸಲ ಮುಗಿಸಿಕೊಳ್ಳಬಹುದು.